ಅಪ್ಪನ ಬಾಯಿ ಕಟ್ಟಿದ್ದ ವಾರಗಳು

ಡಾಕ್ಟರ್ ಅಪ್ಪನ ಮೇಲಿನ ಮುಂದಿನ ಹಲ್ಲುಗಳನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಹಲ್ಲಿನ ಜೊತೆ ದವಡೆ ಅಲ್ಲಾಡಿತು, ದವಡೆಯ ಜೊತೆ ಮೂಗು, ಮೂಗಿನ ಜೊತೆ ಎರಡೂ ಕೆನ್ನೆ. ಕಣ್ಣಿನಿಂದ ಕೆಳಗಿನ ಇಡೀ ಮುಖ ತಲೆಬುರುಡೆಯಿಂದ ಕಳಚಿಕೊಂಡು ಬರೀ ಚರ್ಮದ ಆಧಾರದಲ್ಲಿ ನಿಂತಿತ್ತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ನಾನು ಹೋಗಲಿಲ್ಲ. ಇನ್ನೊಂದು ಸಲ ಅಲ್ಲಾಡಿಸಲಿ ಎಂದು ಕಾದಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರಿಗೆ ನನ್ನ ಮೇಲೆ ಸುಮ್ಮನೆ ಒಳ್ಳೆಯ ಅಭಿಪ್ರಾಯ ಬರುವುದು ಬೇಡ.

ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ಫಿಟ್ಟರ್. ನಾವಿದ್ದದ್ದು ಕ್ವಾರ್ಟರ್ಸಿನಲ್ಲಿ. ಶಿವಮೊಗ್ಗದಲ್ಲಿ ಯಾರದೋ ಗೃಹಪ್ರವೇಶದ ಊಟ ಮುಗಿಸಿ ಸ್ಕೂಟರಿನಲ್ಲಿ ವಾಪಸು ಬರುತ್ತಿದ್ದವನು, ಹಟ್ಟಹಗಲಲ್ಲಿ, ರಸ್ತೆಬದಿ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಹೋಗಿ ಗುದ್ದಿದ್ದ. ಹೆಲ್ಮೆಟ್ ಹಾಕುವುದು ಹೇಡಿಗಳ ಕೆಲಸ ಎಂದು ಅವನು ತಿಳಿದಿದ್ದ. ಕೈಕಾಲಿಗೆ ತರಚುಗಾಯವೂ ಇರಲಿಲ್ಲ, ಪೆಟ್ಟೆಲ್ಲ ಮುಖಕ್ಕೇ ಬಿದ್ದಿತ್ತು. ಮೇಲಿನ ದವಡೆ ಪೂರ್ತಿ ಕಳಚಿತ್ತು, ಕೆಳಗಿನದು ಎರಡು ಕಡೆ ಮುರಿದಿತ್ತು, ಬಲಗಣ್ಣಿನ ತಳದ ಮೂಳೆ ಹಪ್ಪಳದ ಹಾಗೆ ಪುಡಿಯಾಗಿತ್ತು. ಉಸಿರಿಗೆಂದು ಕುತ್ತಿಗೆಯಲ್ಲಿ ತೂತು ಮಾಡಿ ನಳಿಗೆ ಇಟ್ಟಿದ್ದರು.

ಅಪ್ಪ ನಮ್ಮನ್ನು ಯಾವತ್ತೂ ಹೊಡೆದವನಲ್ಲ. ನೆರೆಹೊರೆಯವರು ಅದನ್ನೇ ಹೊಗಳುತ್ತಿದ್ದರು. ಅವನಿಗೆ ಕೈ ಎತ್ತುವ ಅಗತ್ಯವೇ ಬೀಳುತ್ತಿರಲಿಲ್ಲ, ಬಾಯಿ ಸಾಕಿತ್ತು. ಅವನ ಮನೆಯವರು ಚನ್ನರಾಯಪಟ್ಟಣದ ಕಡೆಯಿಂದ ಬಂದವರು, ನಾಲಿಗೆಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. "ಅಂದಿ ಮುಸುಡಿ, ಓಗೇ ಒಳಕ್ಕೆ" ಎಂದು ನನ್ನನ್ನು ಗದರುತ್ತಿದ್ದ. ಐದನೇ ಕ್ಲಾಸಿನವರೆಗೆ ನನಗೆ ಅದು ಬೈಗುಳ ಎಂದೇ ಗೊತ್ತಿರಲಿಲ್ಲ, 'ಅಂದಿ' ಎಂದರೇನೋ ಬೇರೆ ಎಂದುಕೊಂಡಿದ್ದೆ. ಹಂದಿ ಎಂದು ತಿಳಿದ ದಿನ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಬಿ.ಎ. ಮುಗಿದ ವರ್ಷ ನನ್ನನ್ನು ನೋಡಲು ಬಂದವರಿಗೆ ಕಾಫಿ ಕೊಡುತ್ತಿದ್ದಾಗ ಅಪ್ಪ ನಗುತ್ತಲೇ ಹೇಳಿದ್ದ: "ಮುಖ ನೋಡಿ ಒಪ್ಪೋದು ಕಷ್ಟನೇ ಬಿಡಿ. ಆದ್ರೆ ಕೆಲಸಕ್ಕೆ ಮೋಸ ಇಲ್ಲ." ಬಂದವರು ಕಾಫಿ ಕುಡಿದು ಎದ್ದು ಹೋದರು.

ಅಪಘಾತದ ಹೊತ್ತಿಗೆ ನಾನು ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಬೇಕೆಂದು ಅರ್ಜಿ ಹಾಕಿದ್ದೆ. ಅಪ್ಪನಿಗೆ ಆಯನೂರಿನ ಕಡೆಯ ಒಂದು ಸಂಬಂಧ ಹಿಡಿಸಿತ್ತು. ಹೆಂಡತಿ ತೀರಿಕೊಂಡವನು, ಇಬ್ಬರು ಮಕ್ಕಳು, ವಯಸ್ಸು ಅಮ್ಮನಿಗಿಂತ ನಾಲ್ಕೇ ವರ್ಷ ಕಡಿಮೆ. ಅಪ್ಪ ಮಾತು ಕೊಡುವುದೊಂದು ಬಾಕಿ ಇತ್ತು. ಅವನು ಮಾತು ಕೊಟ್ಟರೆ ಮುಗಿಯಿತು. ಅಮ್ಮ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಅವನ ಮಾತು ಮೀರಿದವಳಲ್ಲ. ಗೃಹಪ್ರವೇಶದಿಂದ ಬಂದ ಮೇಲೆ ಆಯನೂರಿಗೆ ಹೋಗಿ ಮಾತು ಮುಗಿಸುವುದಿತ್ತು. ಕಬ್ಬಿನ ಟ್ರೇಲರ್ ಅಷ್ಟರಲ್ಲಿ ಅಡ್ಡ ಬಂತು.

ಶಿವಮೊಗ್ಗದ ಆ ಡಾಕ್ಟರ್ ಮುಖ, ದವಡೆಯ ಮೂಳೆಗಳನ್ನೇ ಕೂರಿಸುವವರು. ಕೇರಳದ ಕಡೆಯವರು, ಕನ್ನಡ ಚೆನ್ನಾಗಿ ಆಡುತ್ತಿದ್ದರು. ಊತ ಇಳಿಯಲಿ ಎಂದು ಒಂದು ವಾರ ಕಾದರು. ಆ ವಾರ ನನ್ನನ್ನು ಕೂರಿಸಿಕೊಂಡು ಹಾಳೆಯ ಮೇಲೆ ಬುರುಡೆಯ ಚಿತ್ರ ಬರೆದು ತೋರಿಸಿದರು.

"ಮುಖ ಕಟ್ಟೋದು ಹಲ್ಲಿಂದ ಶುರು. ಮೇಲಿನ ಹಲ್ಲು, ಕೆಳಗಿನ ಹಲ್ಲು ಮೊದಲಿನ ಹಾಗೆ ಕೂತ್ರೆ ದವಡೆ ತನ್ನ ಜಾಗಕ್ಕೆ ಬರುತ್ತೆ. ಆಮೇಲೆ ಕೆನ್ನೆ, ಆಮೇಲೆ ಕಣ್ಣು. ಹಲ್ಲು ಒಂದು ಎಳೆ ತಪ್ಪಿದ್ರೂ ಇಡೀ ಮುಖ ಓರೆ. ಅಪ್ಪ ನಗ್ತಾ ಇರೋ ಫೋಟೋ ಇದ್ರೆ ತನ್ನಿ. ಹಲ್ಲು ಕಾಣಬೇಕು."

ಮನೆಗೆ ಬಂದು ಟ್ರಂಕಿನ ಫೋಟೋಗಳನ್ನೆಲ್ಲ ಹರಡಿಕೊಂಡು ಕೂತೆವು. ಮದುವೆಯ ಫೋಟೋದಲ್ಲಿ ಅಪ್ಪನ ಬಾಯಿ ಮುಚ್ಚಿತ್ತು. ನನ್ನ ನಾಮಕರಣದ್ದರಲ್ಲೂ ಮುಚ್ಚಿತ್ತು. ಕಾರ್ಖಾನೆಯ ಗುರುತಿನ ಚೀಟಿಯ ಫೋಟೋದಲ್ಲಂತೂ ತೆಗೆದವನನ್ನೇ ಹೊಡೆಯುವ ಹಾಗೆ ನೋಡುತ್ತಿದ್ದ. ಹಲ್ಲು ಕಾಣುವ ಒಂದೂ ಫೋಟೋ ಸಿಗಲಿಲ್ಲ. ಡಾಕ್ಟರಿಗೆ ಹೇಳಿದೆ. "ಪರವಾಗಿಲ್ಲ, ಸವೆದ ಗುರುತು ನೋಡಿ ಕೂರಿಸ್ತೀನಿ. ಇಷ್ಟು ವರ್ಷ ಉಜ್ಜಾಡಿದ ಹಲ್ಲಿಗೆ ತನ್ನ ಜೋಡಿ ಗೊತ್ತಿರುತ್ತೆ" ಎಂದರು.

ಬೆಳಿಗ್ಗೆ ಒಳಗೆ ಹೋದ ಅಪ್ಪ ಹೊರಗೆ ಬಂದಾಗ ಸಂಜೆಯ ಕಾಫಿ ಹೊತ್ತು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ನೆತ್ತಿಯ ಮೇಲೆ ಕೊಯ್ದು, ಹಣೆಯ ಚರ್ಮವನ್ನು ಕಣ್ಣಿನವರೆಗೆ ಕೆಳಗೆ ಮಡಚಿ, ಒಳಗಿನ ಚೂರುಗಳನ್ನು ಪ್ಲೇಟು ಮತ್ತು ತಂತಿಯಿಂದ ಜೋಡಿಸಿದ್ದರು. ಸೊಂಟದಿಂದ ಒಂದು ತುಂಡು ಮೂಳೆ ತೆಗೆದು ಕಣ್ಣಿನ ತಳಕ್ಕೆ ಇಟ್ಟಿದ್ದರು. ಮೇಲಿನ ಹಲ್ಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಕಂಬಿ ಕೂರಿಸಿ ಎರಡನ್ನೂ ನೆಟ್ಟಗೆ ನಿಂತ ನಾಲ್ಕು ತಂತಿಗಳಿಂದ ಬಿಗಿದಿದ್ದರು. ಬಾಯಿ ಒಂದು ಕೂದಲೆಳೆಯಷ್ಟೂ ತೆರೆಯುತ್ತಿರಲಿಲ್ಲ. "ಆರು ವಾರ" ಎಂದರು ಡಾಕ್ಟರ್. ಅಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ನಗು ಬಂದುಬಿಟ್ಟರೆ ಎಂಬ ಹೆದರಿಕೆ.

ಕುತ್ತಿಗೆಯ ತೂತು ಮುಚ್ಚಿದ ಮೇಲೆ ಮನೆಗೆ ಕಳಿಸಿದರು. ಹೊರಡುವಾಗ ಡಾಕ್ಟರ್ ಒಂದು ಕಟಿಂಗ್ ಪ್ಲೇಯರ್ ನನ್ನ ಕೈಗೆ ಕೊಟ್ಟು ಆ ನಾಲ್ಕು ತಂತಿಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು. "ಇದು ಯಾವಾಗ್ಲೂ ತಲೆದಿಂಬಿನ ಹತ್ರ ಇರಬೇಕು. ವಾಂತಿ ಬರೋ ಹಾಗೆ ಆದ್ರೆ ಯೋಚನೆ ಮಾಡ್ಬೇಡಿ, ಈ ನಾಲ್ಕು ಕತ್ತರಿಸಿಬಿಡಿ. ಇಲ್ಲಾಂದ್ರೆ ವಾಂತಿ ಹೊರಗೆ ಬರೋಕೆ ದಾರಿ ಇಲ್ಲ, ಶ್ವಾಸಕೋಶಕ್ಕೆ ಹೋಗುತ್ತೆ. ನಾನು ಮತ್ತೆ ಕಟ್ಟಿಕೊಡ್ತೀನಿ, ಅದೇನು ದೊಡ್ಡದಲ್ಲ." ಎಲ್ಲ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ನಾನು ಇವತ್ತಿಗೂ ಹೇಳಲಾರೆ.

ಆ ವಾರಗಳಲ್ಲಿ ನಮ್ಮ ಮನೆ ಹೇಗಿತ್ತು ಎಂದು ಹೇಳಿದರೆ ನಂಬುವುದು ಕಷ್ಟ. ಅಮ್ಮ ಅಡುಗೆ ಮಾಡುತ್ತಾ ಹಾಡಿಕೊಳ್ಳುತ್ತಿದ್ದಳು. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಸಿರಿಂಜಿಗೆ ರಬ್ಬರ್ ನಳಿಗೆ ಸಿಕ್ಕಿಸಿ, ಕೊನೆಯ ದವಡೆಹಲ್ಲಿನ ಹಿಂದಿನ ಸಂದಿಯಿಂದ ಅಪ್ಪನಿಗೆ ಕುಡಿಸುತ್ತಿದ್ದಳು. ಉಪ್ಪು ಕಡಿಮೆಯಾಯಿತು ಎಂದು ಯಾರೂ ತಟ್ಟೆ ಎಸೆಯುತ್ತಿರಲಿಲ್ಲ. ನಾವಿಬ್ಬರೂ ಜೋರಾಗಿ ಮಾತಾಡುವುದನ್ನು ಕಲಿತೆವು. ಹಲ್ಲು ಕಚ್ಚಿಕೊಂಡೇ ಒಂದಿಷ್ಟು ಮಾತಾಡಬಹುದು ಎಂದು ಡಾಕ್ಟರ್ ಹೇಳಿದ್ದರು. ಎರಡನೇ ದಿನ ಅಪ್ಪ ಪ್ರಯತ್ನ ಮಾಡಿದ. ಬೈಗುಳವೇ ಇರಬೇಕು, ಕಣ್ಣು ಕೆಂಪಾಗಿತ್ತು. ಆದರೆ ಹೊರಗೆ ಬಂದದ್ದು ಬಾಗಿಲಿಗೆ ಸಿಕ್ಕಿಕೊಂಡ ನಾಯಿಮರಿಯ ಕುಂಯ್ ಸದ್ದು. ಅಮ್ಮ ನಕ್ಕುಬಿಟ್ಟಳು. ಬೇಕೆಂದು ನಕ್ಕದ್ದಲ್ಲ, ತಡೆಯಲಾಗದೆ ನಕ್ಕದ್ದು. ಆಮೇಲೆ ಅಪ್ಪ ಸದ್ದು ಮಾಡುವುದನ್ನೇ ಬಿಟ್ಟ.

ನಾನು ಶಾಲೆಯಿಂದ ಒಂದು ಸ್ಲೇಟು, ಬಳಪ ತಂದುಕೊಟ್ಟೆ. ಅಮ್ಮನಿಗೆ ಅಕ್ಷರ ಬಾರದು. ಹಾಗಾಗಿ ಅಪ್ಪ ಬರೆಯುವುದು, ನಾನು ಅಮ್ಮನಿಗೆ ಓದಿ ಹೇಳುವುದು ಎಂದಾಯಿತು. ಅಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿದ್ದ. ನಾಲಿಗೆ ಹೇಗೆ ಆಡುತ್ತಿತ್ತೋ ಕೈಯೂ ಹಾಗೇ ಬರೆಯುತ್ತಿತ್ತು. 'ಆಲು ಕೊಡು' ಎಂದು ಬರೆದ. ಹೊಟ್ಟೆಗೆ ಹಸಿವಾದರೆ 'ಅಸಿವು'. ಮರುದಿನ, ಬರೆಯುವಾಗ ಹಕಾರ ಬೇಕು ಎಂದು ನೆನಪಾಗಿರಬೇಕು, ಬೇಡದ ಕಡೆಯೆಲ್ಲ ಸುರಿದ. ಅಗಿಯಲಾಗದ ಬಾಯಿಗೆ 'ಹೆಲೆ ಹಡಿಕೆ' ಬೇಕಾಗಿತ್ತಂತೆ.

ಮೊದಲ ದಿನ ಅಭ್ಯಾಸಬಲದಿಂದ ತಿದ್ದಿದೆ. ಎರಡನೇ ದಿನ ಖುಷಿಯಿಂದ ತಿದ್ದಿದೆ. ಮೂರನೇ ದಿನ ಸ್ಲೇಟನ್ನು ಅವನ ಮುಂದೆ ಹಿಡಿದು, ಮಕ್ಕಳಿಗೆ ಹೇಳುವ ಅದೇ ದನಿಯಲ್ಲಿ ಹೇಳಿದೆ: "ಅಪ್ಪಾ, ತಪ್ಪಿಲ್ಲದೆ ಬರೆದ್ರೆ ಓದ್ತೀನಿ. ತಪ್ಪಿದ್ರೆ ಓದಲ್ಲ. ಇದು ಕನ್ನಡ ಟೀಚರ್ ಮನೆ." ಅವನು ನನ್ನನ್ನು ನೋಡಿದ. ಒಂದು ಕಣ್ಣು ಇನ್ನೂ ಅರ್ಧ ಮುಚ್ಚಿತ್ತು. ಆಮೇಲೆ 'ಆಲು' ಅಳಿಸಿ 'ಹಾಲು' ಎಂದು ಬರೆದ. ನಾನು ಅಡುಗೆಮನೆಯ ಕಡೆ ತಿರುಗಿ "ಅಮ್ಮಾ, ಅಪ್ಪಂಗೆ ಹಾಲಂತೆ" ಎಂದು ಕೂಗಿದೆ. ಐವತ್ತೆರಡು ವರ್ಷದ ಗಂಡಸು ಹಾಲಿಗಾಗಿ ಕಾಪಿ ತಿದ್ದಿದ. ನನಗೆ ಅಯ್ಯೋ ಅನ್ನಿಸಲಿಲ್ಲ.

ಹೀಗೆ ದಿನಾ ನಡೆಯಿತು. ಒಮ್ಮೆ ಸಿಟ್ಟಿನಲ್ಲಿ ತಲೆದಿಂಬಿನ ಪಕ್ಕದ ಪ್ಲೇಯರ್ ಎತ್ತಿಕೊಂಡು, ಕನ್ನಡಿ ನೋಡಿ ತಾನೇ ತಂತಿ ಕತ್ತರಿಸಲು ಹೊರಟ. ಕಿತ್ತುಕೊಂಡು ಬೀರುವಿನ ಮೇಲಿಟ್ಟೆ. "ಡಾಕ್ಟ್ರು ಇಲ್ಲೇ ಇರ್ಲಿ ಅಂದಿದ್ರಲ್ಲೇ" ಎಂದಳು ಅಮ್ಮ. "ಅಲ್ಲಿದ್ರೂ ಮನೇಲೇ ಇದ್ಯಲ್ಲಮ್ಮಾ" ಎಂದೆ.

ಮೂರನೇ ವಾರದಲ್ಲಿ ಶಂಕರಘಟ್ಟದಿಂದ ಕಾಗದ ಬಂತು. ನನಗೆ ಸೀಟು ಸಿಕ್ಕಿತ್ತು. ಹೋಗಿ ಸೇರಿಕೊಳ್ಳಲು ಕೊನೆಯ ದಿನ ಯಾವುದು ಎಂದು ಲೆಕ್ಕ ಹಾಕಿದೆ. ಅಪ್ಪನ ಬಾಯಿ ಬಿಚ್ಚುವುದಕ್ಕೆ ಹನ್ನೆರಡು ದಿನ ಮೊದಲು. ದೇವರು ಇದ್ದಾನೆ ಎಂದು ನನಗೆ ಬಲವಾಗಿ ಅನ್ನಿಸಿದ್ದು ಆವತ್ತು. ಅಪ್ಪನ ಬಾಯಿ ಕಟ್ಟಿರುವಾಗಲೇ ಸೇರಿಬಿಟ್ಟರೆ ಆಯಿತು. ಅಮ್ಮ ತಡೆಯುವವಳಲ್ಲ, ಬಾಯಿಬಿಟ್ಟು ಬೇಡ ಎನ್ನುವವರು ಇರಬಾರದು ಅಷ್ಟೆ. ಆಯನೂರಿನವರೂ "ಯಜಮಾನ್ರು ಹುಷಾರಾಗ್ಲಿ, ಆಮೇಲೆ ಕೂತು ಮಾತಾಡಾಣ" ಎಂದು ಹೇಳಿ ಕಳಿಸಿದ್ದರು.

ಕಾಗದ ಬಂದದ್ದನ್ನು ಅಪ್ಪ ನೋಡಿದ್ದ. ಸ್ಲೇಟು ಎಳೆದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದ: 'ಓಗಕೂಡದು'.

ಬಾಗಿಲಲ್ಲಿ ನಿಂತಿದ್ದ ಅಮ್ಮ "ಏನಂತೆ?" ಎಂದಳು.

"ಏನೋ ಬರ್ದಿದಾರೆ, ಕನ್ನಡ ಅಲ್ಲ ಅದು. 'ಓಗಕೂಡದು' ಅಂತ ಒಂದು ಶಬ್ದ ನಿಘಂಟಲ್ಲೇ ಇಲ್ಲ" ಎಂದೆ.

ಅಮ್ಮನಿಗೆ ಅರ್ಥವಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಆ ಶಬ್ದವನ್ನು ಅವಳು ಇಪ್ಪತ್ತೈದು ವರ್ಷ ಕೇಳಿದ್ದಳು. ಆದರೂ ಗಂಡನ ಕಡೆ ನೋಡದೆ, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಒಳಗೆ ಹೋದಳು. ಅಪ್ಪ ಸ್ಲೇಟನ್ನು ಗೋಡೆಗೆ ಎಸೆದ. ಅದರ ಮರದ ಕಟ್ಟಿನ ಒಂದು ಮೂಲೆ ಬಿಚ್ಚಿತು. ನಾನು ಮೊಳೆ ಹೊಡೆದು ಮತ್ತೆ ಅವನ ಪಕ್ಕ ಇಟ್ಟೆ.

ಕೊನೆಯ ದಿನಕ್ಕೆ ಎರಡು ದಿನ ಉಳಿದಿತ್ತು. ಮಧ್ಯಾಹ್ನ ಊಟದ ಹೊತ್ತು. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನನಗೆ ಅಂಕಪಟ್ಟಿಗಳನ್ನು ಜೋಡಿಸುವ ಗಡಿಬಿಡಿ, ನೋವಿನ ಮಾತ್ರೆ ಪುಡಿ ಮಾಡಿ ಖಾಲಿ ಹೊಟ್ಟೆಗೇ ಹಾಲಿನಲ್ಲಿ ಕುಡಿಸಿದ್ದೆ. ಸ್ವಲ್ಪ ಹೊತ್ತಿಗೆ ಅಪ್ಪ ಮಂಚದ ಪಟ್ಟಿಯನ್ನು ಬಡಿದ. ಮುಖ ಬೆವೆತಿತ್ತು. ಸ್ಲೇಟಿನ ಮೇಲೆ ಬೇಗಬೇಗ ಬರೆದು ನನ್ನ ಕಡೆ ತಿರುಗಿಸಿದ: 'ಹೋಕರಿಕೆ'.

ನೋಡಿದ ಕೂಡಲೇ ತಿಳಿಯಿತು. ಓಕರಿಕೆ. ಡಾಕ್ಟರ್ ಹೇಳಿದ್ದು ಇದೇ. ನಾನು ಬಳಪ ತೆಗೆದುಕೊಂಡು 'ಹೋ' ಹೊಡೆದು ಹಾಕಿ ಮೇಲೆ 'ಓ' ಬರೆದೆ. "ಇದಕ್ಕೆ ಹಕಾರ ಬರಲ್ಲ ಅಪ್ಪಾ" ಎಂದೆ.

ಅವನು ಏಳಲಾಗದೆ ಬೀರುವಿನ ಮೇಲೆ ಕೈ ತೋರಿಸಿದ. ಪ್ಲೇಯರಿನ ಕೆಂಪು ಹಿಡಿ ನಾನು ನಿಂತಲ್ಲಿಂದಲೇ ಕಾಣುತ್ತಿತ್ತು. ಎರಡು ಹೆಜ್ಜೆ. ತಂತಿ ಕತ್ತರಿಸಿದರೆ ಬಾಯಿ ತೆರೆಯುತ್ತದೆ, ನಾಡಿದ್ದು ಕೊನೆಯ ದಿನ ಎಂದು ಯೋಚಿಸಿದೆ. ಎಷ್ಟು ಹೊತ್ತು ಯೋಚಿಸಿದೆನೋ ಗೊತ್ತಿಲ್ಲ, ಗಡಿಯಾರ ನೋಡಿಕೊಂಡಿರಲಿಲ್ಲ. ಅಪ್ಪನ ಹೊಟ್ಟೆ ಒಮ್ಮೆ ಒಳಕ್ಕೆ ಸೆಳೆದುಕೊಂಡಿತು, ಇನ್ನೊಮ್ಮೆ ಸೆಳೆದುಕೊಂಡಿತು. ಮೂಗಿನಿಂದ ಹಾಲು ಬಂತು. ಹಲ್ಲಿನ ಸಂದಿಯಿಂದ ಬಂತು. ಮಿಕ್ಕದ್ದಕ್ಕೆ ಹೊರಬರಲು ದಾರಿ ಇರಲಿಲ್ಲ. ಅಪ್ಪನ ತುಟಿ ನೀಲಿಯಾಯಿತು. ನಾನು ಸ್ಲೇಟು ಹಿಡಿದುಕೊಂಡೇ ನಿಂತಿದ್ದೆ.

ಮಂಚ ಬಡಿದ ಸದ್ದಿಗೆ ಅಮ್ಮ ಸೋಪಿನ ಕೈಯಲ್ಲೇ ಓಡಿ ಬಂದಳು. ನನ್ನನ್ನು ತಳ್ಳಿ ಕುರ್ಚಿ ಹತ್ತಿ ಪ್ಲೇಯರ್ ಎಳೆದುಕೊಂಡಳು. ಯಾವ ತಂತಿ ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಕತ್ತರಿಸಿದಳು, ತುಟಿಯನ್ನೂ ಸೇರಿಸಿ. ಬಾಯಿ ತೆರೆದು, ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಗುದ್ದಿದಳು. ಹಾಲು, ರಕ್ತ, ತಂತಿಯ ಚೂರು ಎಲ್ಲ ಹಾಸಿಗೆಗೆ ಬಿತ್ತು. "ಏನೇ ನೋಡ್ತಾ ನಿಂತಿದೀಯಾ ಮಾರಾಯ್ತಿ, ಯಾರದಾದ್ರೂ ವ್ಯಾನಿಗೆ ಕೂಗೇ!" ಎಂದು ಕಿರುಚಿದಳು. ಆಗ ಓಡಿದೆ.

ಶಿವಮೊಗ್ಗದಲ್ಲಿ ಎಕ್ಸ್‌ರೇ ನೋಡಿ ಹಾಲು ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಆ ರಾತ್ರಿ ಜ್ವರ ಏರಿತು, ಬೆಳಗಿನ ಹೊತ್ತಿಗೆ ಇಳಿಯಿತು. ಅಪ್ಪ ಬದುಕಿದ. ಡಾಕ್ಟರ್ ಬಾಯಿ ಪರೀಕ್ಷೆ ಮಾಡಿ, ಮೂಳೆ ಸ್ವಲ್ಪ ಜಾರಿದೆ, ಕೂಡಲು ಮತ್ತೆ ಸಮಯ ಬೇಕು ಎಂದು, ತಂತಿಯ ಬದಲು ಈ ಸಲ ಬಿಗಿಯಾದ ರಬ್ಬರ್ ಹಾಕಿ ದವಡೆಗಳನ್ನು ಕಟ್ಟಿದರು. "ಇನ್ನು ನಾಲ್ಕು ವಾರ" ಎಂದರು. ನಾಲ್ಕು ವಾರ! ಒಳಗೆ ಎಂಥ ಸಂತೋಷ ಉಕ್ಕಿತು ಎಂದರೆ, ಕೈಯಲ್ಲಿದ್ದ ಫ್ಲಾಸ್ಕ್ ಬಿದ್ದುಹೋಗುವುದರಲ್ಲಿತ್ತು.

ಡಾಕ್ಟರ್ ಅಪ್ಪನ ಪಕ್ಕ ಕೂತು ಕೇಳಿದರು: "ವಾಂತಿ ಬರೋದು ಮೊದಲೇ ಗೊತ್ತಾಗುತ್ತಲ್ಲ. ಯಾರಿಗೂ ಹೇಳ್ಲಿಲ್ವಾ ನೀವು?"

ಅಪ್ಪನ ಮೂಗು, ಬಾಯಿಯ ಮೇಲೆ ಆಕ್ಸಿಜನ್ ಮಾಸ್ಕ್ ಇತ್ತು. ಕೈಯಾಡಿಸಿ ಸ್ಲೇಟು ಕೇಳಿದ. ಅಮ್ಮ ಚೀಲದಿಂದ ತೆಗೆದುಕೊಟ್ಟಳು. ಅವನು ಬರೆದ. ಬಹಳ ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ನಿಂತು, ಎರಡು ಕಡೆ ಬೆರಳಿನಿಂದ ಒರೆಸಿ ಮತ್ತೆ ಬರೆದ. ಬರೆದು ಮುಗಿಸಿ ಡಾಕ್ಟರಿಗೆ ಕೊಟ್ಟ. ಅವರು ಹಿಂದೆ ಮುಂದೆ ತಿರುಗಿಸಿ ನಕ್ಕು, ನನ್ನ ಕೈಗೆ ಕೊಟ್ಟರು. "ನನಗೆ ನಿಮ್ಮ ಭಾಷೆ ಬರುತ್ತೆ, ಅಕ್ಷರ ಬರಲ್ಲ. ಓದಿಮ್ಮಾ, ಏನು ಬರೆದಿದಾರೆ?"

'ಓಕರಿಕೆ ಎಂದು ಹೇಳಿದೆ. ಇವಳು ಓದಿದಳು. ಕತ್ತರಿಸದೆ ಹಾಗೇ ನಿಂತಳು. ಬೇಕೆಂದೇ ನಿಂತಳು.'

ನನ್ನ ಕಣ್ಣು ಮೊದಲು ತಪ್ಪು ಹುಡುಕಿತು. ಓಕರಿಕೆ ಸರಿ ಇತ್ತು. ಹೇಳಿದೆ, ಇವಳು, ಹಾಗೇ, ಎಲ್ಲ ಸರಿ ಇತ್ತು. ಎರಡನೇ ಸಲ ಹುಡುಕಿದೆ. ಒಂದೂ ತಪ್ಪಿರಲಿಲ್ಲ. ತಪ್ಪಿಲ್ಲದೆ ಬರೆದರೆ ಓದುತ್ತೇನೆ ಎಂದು ನಾನೇ ಹೇಳಿದ್ದೆ. ಅಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"'ಇದ್ದಕ್ಕಿದ್ದ ಹಾಗೆ ಬಂತು, ಹೇಳೋಕೆ ಆಗ್ಲಿಲ್ಲ' ಅಂತ ಬರ್ದಿದಾರೆ" ಎಂದೆ.

ಅಪ್ಪ ಕೇಳಿಸಿಕೊಂಡ. ಮಾಸ್ಕಿನೊಳಗಿಂದ ಕುಂಯ್ ಎಂದು ಸದ್ದು ಮಾಡಿದ, ಏಳಲು ಹೊರಟ. "ಮಾತಾಡಬಾರದು, ಮಾತಾಡಬಾರದು" ಎಂದು ಡಾಕ್ಟರ್ ಅವನ ಭುಜ ಒತ್ತಿ ಮಲಗಿಸಿದರು. ನಾನು ಸ್ಲೇಟನ್ನು ವೇಲಿನ ತುದಿಯಿಂದ ಒರೆಸಿ ಚೀಲಕ್ಕೆ ಹಾಕಿದೆ.

ಮಾರನೆಯ ದಿನ ಬೆಳಿಗ್ಗೆ ಶಂಕರಘಟ್ಟದ ಬಸ್ಸು ಹತ್ತಿ ಹೋಗಿ ಎಂ.ಎ.ಗೆ ಸೇರಿದೆ. ಸಂತೋಷವಾಗಿಯೇ ಇದ್ದೆ, ಅದನ್ನು ಮುಚ್ಚಿಡುವುದಿಲ್ಲ. ಅಪ್ಪ ಮನೆಗೆ ಬಂದ ಮೇಲೆ ಉಳಿದ ವಾರಗಳಲ್ಲಿ ಒಮ್ಮೆಯೂ ಸ್ಲೇಟು ಕೇಳಲಿಲ್ಲ. ಹಾಲು ಬೇಕೋ ಗಂಜಿ ಬೇಕೋ ತಿಳಿಯದೆ ಅಮ್ಮ ಎರಡು ಸಲ ತಾನಾಗಿಯೇ ಸ್ಲೇಟು, ಬಳಪ ತಂದು ಅವನ ಎದೆಯ ಮೇಲಿಟ್ಟಳು. ಅಪ್ಪ ಗೋಡೆಯ ಕಡೆ ತಿರುಗಿಕೊಂಡ. ಅವನು ಏನು ಬರೆದರೂ ಈ ಮನೆಯಲ್ಲಿ ಓದುವವಳು ನಾನೊಬ್ಬಳೇ ಎಂದು ಅವನಿಗೆ ಗೊತ್ತಾಗಿತ್ತು.